ಹಡಗು ಹೊರಡುವ ತನಕ

ಅಂಡಮಾನಿನಲ್ಲಿ ಕ್ವಾರ್ಟರ್ಸ್ ಸಿಕ್ಕಿತೆಂದು ರವಿಕುಮಾರ ಫೋನು ಮಾಡಿದಾಗ ಸುಜಾತಾ ಹಿತ್ತಲಲ್ಲಿ ಎಮ್ಮೆಗೆ ನೀರು ಕುಡಿಸುತ್ತಿದ್ದಳು. ಬಕೆಟ್ಟನ್ನು ಅಲ್ಲಿಯೇ ಬಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವನು ಹೇಳಿದ್ದನ್ನು ಇನ್ನೊಂದು ಸಲ ಹೇಳಿಸಿಕೊಂಡಳು. ಎರಡು ಖೋಲಿ, ಅಡುಗೆಮನೆ, ಒಳಗೇ ಬಚ್ಚಲು. ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಸಮುದ್ರ ಕಾಣುತ್ತದೆ. ಹೆಂಡತಿ, ಮಗಳನ್ನು ಕರೆಸಿಕೊಳ್ಳಬಹುದೆಂದು ಆರ್ಡರೇ ಬಂದಿದೆ.

ಅವರ ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ರವಿಕುಮಾರ ಸೈನ್ಯದಲ್ಲಿ ಹವಾಲ್ದಾರ. ಅಷ್ಟು ವರ್ಷವೂ ಅವನಿಗೆ ಸಿಕ್ಕಿದ್ದು ಹಿಮದ ಗಡಿ, ಮರಳಿನ ಗಡಿ. ಸಂಸಾರ ಕಟ್ಟಿಕೊಂಡು ಹೋಗುವಂಥ ಜಾಗಗಳಲ್ಲ. ಸುಜಾತಾ ಹಾನಗಲ್ ತಾಲೂಕಿನ ಆಡೂರಿನಲ್ಲಿ ಗಂಡನ ಮನೆಯಲ್ಲಿಯೇ ಉಳಿದಳು. ಅವನು ರಜೆಗೆ ಬಂದ ದಿನಗಳನ್ನೆಲ್ಲ ಕೂಡಿಸಿದರೂ ಎರಡು ವರ್ಷದ ಸಂಸಾರವಾಗಿರಲಿಕ್ಕಿಲ್ಲ. ಎಂಟು ವರ್ಷದ ಮಗಳು ರಾಜಶ್ರೀಗೆ ಅಪ್ಪನೆಂದರೆ ಫೋನಿನ ಪರದೆಯ ಮೇಲೆ ಬರುವ ಮುಖ. ಅವನು ಊರಿಗೆ ಬಂದರೆ ಮೊದಲ ವಾರವೆಲ್ಲ ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು. ಅವಳು ಹತ್ತಿರ ಬಂದು ತೊಡೆಯ ಮೇಲೆ ಕೂಡುವ ಹೊತ್ತಿಗೆ ಅವನ ರಜೆ ಮುಗಿದಿರುತ್ತಿತ್ತು.

ಮೇ ತಿಂಗಳ ಕೊನೆಗೆ ಮದ್ರಾಸಿನಿಂದ ಹಡಗು. ಆಗಷ್ಟೇ ಹೊಸ ಜಾಗಕ್ಕೆ ಹೋದ ರವಿಕುಮಾರನಿಗೆ ಬಂದು ಕರೆದೊಯ್ಯಲು ರಜೆ ಸಿಗುವ ಹಾಗಿರಲಿಲ್ಲ. ವಿಮಾನದಲ್ಲಿಯೂ ಬರಬಹುದಿತ್ತು, ಆದರೆ ಮನೆಯ ಸಾಮಾನೆಲ್ಲ ತರಬೇಕು, ಪೆಟ್ಟಿಗೆಗಳ ಜೊತೆಗೇ ಬಂದುಬಿಡು ಎಂದ. ಎರಡು ದೊಡ್ಡ ಕಬ್ಬಿಣದ ಟ್ರಂಕುಗಳು ಬಂದವು. ಅವುಗಳ ಕಪ್ಪು ಮೈಮೇಲೆ ಬಿಳಿ ಬಣ್ಣದಲ್ಲಿ ಅವನ ನಂಬರು, ಹುದ್ದೆ, ಹೆಸರು, ಕೆಳಗೆ ಪೋರ್ಟ್ ಬ್ಲೇರ್ ಎಂದು ಬರೆಸಿದ್ದಾಯಿತು. ಶಾಲೆಯಿಂದ ರಾಜಶ್ರೀಯ ಟೀಸಿ ತಂದಿದ್ದಾಯಿತು. ಎಮ್ಮೆ ಪಕ್ಕದ ಮನೆಯ ಭಾವನ ದನದಕೊಟ್ಟಿಗೆಗೆ ಹೋಯಿತು. ಓಣಿಯ ಹೆಂಗಸರು ಮನೆಮನೆಗೂ ಕರೆದು ಉಣ್ಣಿಸಿದರು, ಉಡಿ ತುಂಬಿದರು. ಬಟ್ಟೆ ಹೊಲಿಯುವ ಫರ್ಜಾನಾ, ಆ ನಡುಗಡ್ಡೆಯಲ್ಲಿ ಇವಳ ಅಳತೆ ತಿಳಿದವರು ಯಾರಿರುತ್ತಾರೆಂದು ನಾಲ್ಕು ಜಂಪರು ಹೊಲಿದು ತಂದುಕೊಟ್ಟಳು. ಅತ್ತೆ ಅನ್ನವ್ವ ಅಳಬಾರದೆಂದು ಗಟ್ಟಿ ಮನಸ್ಸು ಮಾಡಿದ್ದವಳು, ಸೊಸೆ ಹೊಸಿಲು ದಾಟಿದ ಮೇಲೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಬೆಂಗಳೂರಿನ ರೈಲನ್ನು ಯಲವಿಗಿಯಲ್ಲಿ ಹಿಡಿಯಬೇಕು. ಯಲವಿಗಿ ಸುಜಾತಾಳ ತವರು. ತವರು ಅನ್ನುವುದು ಬಾಯಿಗೆ ಬರುತ್ತದೆ, ಅಷ್ಟೇ.

ಅವಳ ಅಪ್ಪ ಫಕ್ಕೀರಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು. ಸುಜಾತಾ ಹುಟ್ಟಿದ್ದು, ಆಡಿದ್ದು ಯಲವಿಗಿಯ ಹಳಿಗಳ ಪಕ್ಕದಲ್ಲಿ. ಅವಳಿಗೆ ಒಂಬತ್ತಾಗಿದ್ದಾಗ ಅವ್ವ ತೀರಿಕೊಂಡಳು. ಎರಡು ವರ್ಷದ ಮೇಲೆ ಅಪ್ಪ ಅಡಿವೆವ್ವನನ್ನು ಮಾಡಿಕೊಂಡ. ಆ ವರ್ಷವೇ ಆಡೂರಿನ ಸೋದರತ್ತೆ ಅನ್ನವ್ವ ಬಂದು, ಹುಡುಗಿ ನನ್ನ ಹತ್ತಿರ ಇರಲಿ, ಅಲ್ಲಿಯೇ ಸಾಲಿ ಕಲಿಯಲಿ ಎಂದು ಕರೆದುಕೊಂಡು ಹೋದಳು. ಮುಂದೆ ಅದೇ ಸೋದರತ್ತೆಯ ಮಗ ರವಿಕುಮಾರನಿಗೇ ಕೊಟ್ಟು ಮದುವೆಯಾಯಿತು. ಬೆಳೆದ ಮನೆಯೂ ಅದೇ, ಕೊಟ್ಟ ಮನೆಯೂ ಅದೇ ಆಗಿದ್ದರಿಂದ ತವರಿಗೆ ಹೋಗಿಬರುವುದು ಎಂಬುದೊಂದು ಅವಳ ಬಾಳಿನಲ್ಲಿ ಉಳಿಯಲೇ ಇಲ್ಲ. ಪಂಚಮಿ ಬಂದರೆ ಓಣಿಯ ಸೊಸೆಯಂದಿರನ್ನು ತವರಿನ ಉಂಡಿ, ಜೋಕಾಲಿಗೆ ಕರೆಯಲು ಅಣ್ಣತಮ್ಮಂದಿರು ಬರುತ್ತಿದ್ದರು. ಅವರು ಹೊಸ ಸೀರೆ ಉಟ್ಟು ಬಸ್ಸು ಹತ್ತುವುದನ್ನು ಸುಜಾತಾ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದಳು. ಅವಳನ್ನು ಕರೆಯಲು ಯಾರೂ ಬಂದಿರಲಿಲ್ಲ. ಅಪ್ಪನೇನು ಕೆಟ್ಟವನಲ್ಲ, ತಂಗಿಯ ಮನೆಯಲ್ಲಿ ಮಗಳು ಸುಖವಾಗಿದ್ದಾಳೆ ಎಂದುಕೊಂಡಿದ್ದ. ಚಿಗವ್ವ ಅಡಿವೆವ್ವನಿಗೆ ತಾನು ಬೇಕಾಗಿರಲಿಲ್ಲ ಎಂದು ಸುಜಾತಾ ಹನ್ನೊಂದನೇ ವಯಸ್ಸಿನಲ್ಲಿಯೇ ತೀರ್ಮಾನ ಮಾಡಿಕೊಂಡಿದ್ದಳು. ಆ ತೀರ್ಮಾನವನ್ನು ಮತ್ತೆ ಬಿಚ್ಚಿ ನೋಡಿರಲಿಲ್ಲ.

ಅದಕ್ಕೇ ಯಲವಿಗಿಯಲ್ಲಿ ಒಂದೇ ರಾತ್ರಿ ಇದ್ದು, ಮರುದಿನ ರೈಲು ಹತ್ತುವುದೆಂದು ಮಾತಾಗಿತ್ತು. ಅಡಿವೆವ್ವನ ಮಗ ಲೋಹಿತ ಸವಣೂರಿನಲ್ಲಿ ಟೆಂಪೊ ಓಡಿಸುತ್ತಾನೆ. ಅವನೇ ಆಡೂರಿಗೆ ಬಂದು ಅಕ್ಕನನ್ನೂ ಟ್ರಂಕುಗಳನ್ನೂ ತಂದು ಇಳಿಸಿ ಹೋದ. ಫಕ್ಕೀರಪ್ಪ ತನ್ನ ರೈಲ್ವೆ ಪಾಸು ತೆಗೆದು ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ. ಮದ್ರಾಸಿನ ಬಂದರಿನ ತನಕ ಮಗಳನ್ನು ಮುಟ್ಟಿಸುವವನು ಅವನೇ.

ಮರುದಿನ ಬೆಳಿಗ್ಗೆ ರವಿಕುಮಾರನ ಫೋನು ಬಂತು. ಸಮುದ್ರದಲ್ಲಿ ಚಂಡಮಾರುತ ಎದ್ದಿದೆ, ಹಡಗು ಬಿಡುವುದಿಲ್ಲ. ಒಂದು ವಾರ ತಡವಾಗಬಹುದು.

ಸುಜಾತಾ ಆಡೂರಿಗೆ ತಿರುಗಿ ಹೋಗುತ್ತೇನೆಂದು ಅತ್ತೆಗೆ ಫೋನು ಮಾಡಿದಳು. ಅನ್ನವ್ವ ಒಪ್ಪಲಿಲ್ಲ. ಊರ ಮಂದಿಯೆಲ್ಲ ಉಡಿ ತುಂಬಿ ಕಳಿಸಿದ ಮೇಲೆ ಹೊರಟ ಕಾಲನ್ನು ಹಿಂದೆ ಇಡಬಾರದು, ಹಡಗು ಬಿಡುವ ತನಕ ಅಪ್ಪನ ಮನೆಯಲ್ಲಿಯೇ ಇರು ಎಂದಳು. ಅಡಿವೆವ್ವ ಒಲೆಯ ಮುಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಇನ್ನೆರಡು ರೊಟ್ಟಿ ಬಡಿದು ಬುಟ್ಟಿಗೆ ಹಾಕಿದಳು.

ಫಕ್ಕೀರಪ್ಪ ನಿವೃತ್ತಿಯ ಮೇಲೆ ಕಟ್ಟಿಸಿದ ಆ ಮನೆಯಲ್ಲಿ ಎರಡೇ ಖೋಲಿ. ಹೊರಖೋಲಿಯ ಗೋಡೆಯ ಮೇಲೆ ಬುದ್ಧನ ಫೋಟೊ, ಪಕ್ಕದಲ್ಲಿ ಬಾಬಾಸಾಹೇಬರದು, ಅದರ ಕೆಳಗೆ ಈಗ ಎರಡು ಕಪ್ಪು ಟ್ರಂಕು. ಸುಜಾತಾ ಮೊದಲ ಕೆಲವು ದಿನ ಬೀಗರ ಮನೆಗೆ ಬಂದವಳ ಹಾಗೆ ಇದ್ದಳು. ನೀರು ಕುಡಿಯಬೇಕಾದರೂ ಕೇಳಿ ಕುಡಿಯುವಳು. ಅಡಿವೆವ್ವನೂ ಹಾಗೆಯೇ, ಇವಳ ತಾಟಿಗೆ ಮೊದಲು ಬಡಿಸಿ, ಇವಳು ಉಂಡೆದ್ದ ಮೇಲೆಯೇ ತಾನು ಕೂಡುವಳು. ಇಬ್ಬರ ನಡುವೆ ಮಾತಿಗಿಂತ ಮರ್ಯಾದೆಯೇ ಹೆಚ್ಚಾಗಿತ್ತು.

ಮೊದಲು ಮನೆಯವಳಾದದ್ದು ರಾಜಶ್ರೀ. ಅಜ್ಜನ ಕೈ ಹಿಡಿದು ಹಳಿಯ ಪಕ್ಕದ ಕಾಲುದಾರಿಯಲ್ಲಿ ತಿರುಗಿದಳು. ದೂರದ ರೈಲಿನ ಸದ್ದನ್ನು ಅಜ್ಜ ಎಲ್ಲರಿಗಿಂತ ಮೊದಲು ಹಿಡಿಯುತ್ತಾನೆಂದು ಕಂಡುಕೊಂಡಳು. ಅಂಡಮಾನಿನಲ್ಲಿ ಎಷ್ಟು ಸ್ಟೇಶನ್ನು ಇವೆ ಎಂದು ಫಕ್ಕೀರಪ್ಪ ಒಂದು ದಿನ ಅಳಿಯನನ್ನು ಫೋನಿನಲ್ಲಿ ಕೇಳಿದ. ಅಲ್ಲಿ ರೈಲೇ ಇಲ್ಲ, ಒಂದು ಮೊಳ ಹಳಿ ಕೂಡ ಇಲ್ಲ ಎಂದು ರವಿಕುಮಾರ ಹೇಳಿದ. ಮುದುಕ ಸಂಜೆಯ ತನಕ ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಕೂತ. ಹಳಿಯಿಲ್ಲದ ಊರಿನಿಂದ ಮಗಳು ಹೆಂಗ ಬಂದಾಳು ಎಂದು ಅಡಿವೆವ್ವನನ್ನು ಕೇಳಿದ. ಹೋದ ಹಾಗೆಯೇ ಬರುತ್ತಾಳೆ ಎಂದು ಅವಳು ಹೇಳಿದರೂ ಅವನಿಗೆ ಸಮಾಧಾನವಾಗಲಿಲ್ಲ.

ವಾರ ಕಳೆಯಿತು. ಚಂಡಮಾರುತ ಬೇರೆ ಕಡೆಗೆ ತಿರುಗಿತು. ಆದರೆ ಹಡಗು ರಿಪೇರಿಗೆ ನಿಂತಿತು. ಇನ್ನೂ ಸ್ವಲ್ಪ ದಿನ ಎಂದರು. ರವಿಕುಮಾರ ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಮಾಡುತ್ತಿದ್ದ. ಸಿಗ್ನಲ್ಲು ಹರಿದು ಹರಿದು ಬರುತ್ತಿತ್ತು. ಗ್ಯಾಸು ಬಂತು, ಮಂಚ ಬಂತು, ರಾಜಶ್ರೀಗೆ ಒಂದು ಸೈಕಲ್ಲು ನೋಡಿಟ್ಟಿದ್ದೇನೆ ಎಂದು ದಿನಕ್ಕೊಂದು ಸುದ್ದಿ ಹೇಳುವನು. ಸುಜಾತಾ ಟ್ರಂಕಿನ ಮೇಲೆ ಕೂತು, ಬಿಳಿ ಅಕ್ಷರದ ಅವನ ಹೆಸರಿನ ಮೇಲೆ ಬೆರಳಾಡಿಸುತ್ತ ಕೇಳುವಳು. ಫೋನು ಕಟ್ಟಾದ ಮೇಲೆ ಆ ಎರಡು ಖೋಲಿಯಲ್ಲಿ ಅವನೊಬ್ಬನೇ ಓಡಾಡುವುದು ಕಣ್ಣಿಗೆ ಕಟ್ಟುತ್ತಿತ್ತು. ಇಷ್ಟು ವರ್ಷ ಕಾದವಳಿಗೆ ಈಗಿನ ಕಾಯುವಿಕೆ ಮೊದಲಿನದಕ್ಕಿಂತ ಕಷ್ಟವೆನಿಸಿತು. ಮೊದಲು ಕಾಯುವುದಕ್ಕೆ ಎಮ್ಮೆ ಇತ್ತು, ಹೊಲ ಇತ್ತು. ಇಲ್ಲಿ ಕೈಗಳು ಖಾಲಿ.

ಖಾಲಿ ಕೈಯೇ ಅವಳನ್ನು ಅಡುಗೆಮನೆಗೆ ಎಳೆಯಿತು. ಒಂದು ದಿನ ಅಡಿವೆವ್ವ ನೀರಿಗೆ ಹೋದಾಗ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತಳು. ಅಡಿವೆವ್ವ ಕೊಡ ಇಳಿಸಿ, ಸ್ವಲ್ಪ ಹೊತ್ತು ನಿಂತು ನೋಡಿ, ಹೆಂಚಿನ ಮುಂದೆ ಬಂದು ಕೂತು ಬೇಯಿಸತೊಡಗಿದಳು. ಅಂದಿನಿಂದ ಒಬ್ಬಳು ಬಡಿದರೆ ಇನ್ನೊಬ್ಬಳು ಬೇಯಿಸುವುದಾಯಿತು. ಊಟಕ್ಕೂ ಕೂಡಿಯೇ ಕೂತರು. ಯಾರೂ ಹೇಳಿ ಮಾಡಿದ್ದಲ್ಲ.

ಜೂನ್ ಮೊದಲ ವಾರ ದೊಡ್ಡ ಮಳೆ ಬಿತ್ತು. ಮಂದಿ ಬಿತ್ತನೆಗೆ ಕೂರಿಗೆ ಹೂಡಿದರು. ಆ ಭಾನುವಾರ ಅಡಿವೆವ್ವ ರಾಜಶ್ರೀಗೆ ಎಣ್ಣೆ ಹಚ್ಚಿ ಎರೆದಳು. ಹುಡುಗಿ ಒದ್ದೆ ಕೂದಲಿನಲ್ಲಿ ಹೊರಗೆ ಓಡಿದ ಮೇಲೆ, ಎಣ್ಣೆಯ ಬಟ್ಟಲು ಹಿಡಿದುಕೊಂಡೇ ಸುಜಾತಾಳ ಕಡೆ ತಿರುಗಿದಳು.

“ನೀನೂ ಕುಂದರು ಬಾ,” ಎಂದಳು.

ಸುಜಾತಾ ಬೇಡವೆನ್ನಲು ಹೋದವಳು ಸುಮ್ಮನೆ ಹೋಗಿ ಅವಳ ಮುಂದೆ ಕೂತಳು. ಅವ್ವ ಹೋದ ಮೇಲೆ ಅವಳ ತಲೆಗೆ ಎಣ್ಣೆ ಹಚ್ಚಿದವರು ಅತ್ತೆಯೊಬ್ಬಳೇ. ಅದೂ ಮದುವೆಯ ತನಕ. ಅಡಿವೆವ್ವನ ಬೆರಳು ಗಟ್ಟಿ. ನೆತ್ತಿಯನ್ನು ತಟ್ಟಿ ತಟ್ಟಿ ಇಳಿಸಿದಳು. ಹಿಂದಿನಿಂದ, ಮುಖ ಕಾಣದ ಜಾಗದಿಂದ ಅವಳ ದನಿ ಬಂತು.

“ನಾ ಲಗ್ನಾಗಿ ಬಂದ ದಿನ ನೀ ರೈಲ್ವೆ ಕ್ವಾರ್ಟರ್ಸಿನ ಬಾಗಿಲದಾಗ ನಿಂತಿದ್ದಿ. ನಿಮ್ಮವ್ವನ ಸೀರಿ ಹೊಚಗೊಂಡಿದ್ದಿ. ನನಗ ಆಗ ಹತ್ತೊಂಬತ್ತು ವರ್ಷ. ನಿನ್ನ ನೋಡಿ ಎದಿ ಝಲ್ಲಂತು.”

“ನನ್ನ ನೋಡೇನ್ರಿ?”

“ಹೂಂ. ಮನಿ ನಿಂದು, ನಾ ನಡುವ ಬಂದಾಕಿ ಅಂತ ಅಂಜಿಕಿ. ನಿನ್ನ ಹೆಂಗ ಮಾತಾಡಸ್ಬೇಕಂತ ತಿಳಿಲಿಲ್ಲವ್ವಾ. ಅದು ತಿಳಿಯೂದ್ರೊಳಗ ನೀ ಆಡೂರಿಗೆ ಹೋಗಿಬಿಟ್ಟಿ.”

ಸುಜಾತಾಳಿಗೆ ಆ ಬಾಗಿಲು ನೆನಪಿತ್ತು. ಸೀರೆಯೂ ನೆನಪಿತ್ತು. ಹೊಸದಾಗಿ ಬಂದವಳು ತನ್ನನ್ನು ಒಳಗೆ ಕರೆಯುತ್ತಾಳೋ ಇಲ್ಲವೋ ಎಂದು ಅವಳು ಅಲ್ಲಿ ನಿಂತಿದ್ದಳು. ಅತ್ತ ಹೊಸದಾಗಿ ಬಂದವಳು ಈ ಹುಡುಗಿ ತನ್ನನ್ನು ಒಳಗೆ ಬಿಡುತ್ತಾಳೋ ಇಲ್ಲವೋ ಎಂದು ನಿಂತಿದ್ದಿರಬೇಕು. ಸುಜಾತಾ ಕಣ್ಣಿಗೆ ಎಣ್ಣೆ ಇಳಿಯಿತೆಂದು ಸೆರಗು ಒತ್ತಿಕೊಂಡಳು. ಅಡಿವೆವ್ವ ಬಿಸಿನೀರು ಹೊಯ್ದು, ಸೀಗೆಕಾಯಿ ಹಾಕಿ ತಿಕ್ಕಿ, ಕೂದಲು ಒಣಗುವ ತನಕ ಬಿಸಿಲಿನಲ್ಲಿ ಕೂಡಿಸಿದಳು. ಆ ಮಧ್ಯಾಹ್ನ ಸುಜಾತಾ ಬರಿ ನೆಲದ ಮೇಲೆ ಅಡ್ಡಾಗಿ, ಗೂಡ್ಸು ಗಾಡಿ ಹೋದದ್ದೂ ಗೊತ್ತಾಗದಂತೆ ನಿದ್ದೆ ಹೋದಳು.

ಆಮೇಲಿನ ದಿನಗಳಲ್ಲಿ ಅವಳು ಹಡಗಿನ ವಿಚಾರ ಕೇಳುವುದನ್ನು ಕಡಿಮೆ ಮಾಡಿದಳು. ಅಡಿವೆವ್ವನ ಜೊತೆ ಸವಣೂರು ಸಂತೆಗೆ ಹೋಗಿ ಎಲೆ, ಕಾಯಿಪಲ್ಲೆ ತಂದಳು. ಅಲ್ಲಿ ಗುರುತಿನವರು ಯಾರಿವಳೆಂದು ಕೇಳಿದಾಗ ಅಡಿವೆವ್ವ, ನಮ್ಮ ಹಿರೇಮಗಳು, ತವರಿಗೆ ಬಂದಾಳ ಎಂದಳು. ಆ ಮಾತನ್ನು ಸುಜಾತಾ ಮನೆ ಮುಟ್ಟುವ ತನಕ ಮನಸ್ಸಿನಲ್ಲಿಯೇ ತಿರುಗಿ ತಿರುಗಿ ಕೇಳಿಕೊಂಡಳು.

ಹಡಗಿನ ದಿನ ಬಂದದ್ದು ಇಂಥ ಹೊತ್ತಿನಲ್ಲಿ. ಶುಕ್ರವಾರ ಮದ್ರಾಸಿನಿಂದ ಹೊರಡುತ್ತದೆ, ನಾಡಿದ್ದೇ ಯಲವಿಗಿ ಬಿಡಬೇಕು ಎಂದು ರವಿಕುಮಾರ ಸಂಭ್ರಮದಿಂದ ಹೇಳಿದ. ಸುಜಾತಾ ಫೋನು ಹಿಡಿದುಕೊಂಡು ಹಿತ್ತಲಿಗೆ ಹೋದಳು. ಇಷ್ಟು ದಿನ ಬಯಸಿದ್ದು ಕೈಗೆ ಬಂದಾಗ ಬಾಯಿಂದ ಬೇರೆಯೇ ಮಾತು ಹೊರಬಿತ್ತು.

“ಮುಂದಿನ ಹಡಗಿಗೆ ಬರ್ಲೇನ್ರಿ? ಪಂಚಮಿ ಮುಗಿಸ್ಕೊಂಡು?”

ಸಿಗ್ನಲ್ಲು ಹೋಯಿತೇನೋ ಎಂದುಕೊಂಡಳು.

“ಕಿಟಕಿಗೆ ಪಡದಾ ಹಾಕೇನಿ, ಸುಜಾತಾ,” ಎಂದ ಅವನು.

ಅಷ್ಟೇ ಹೇಳಿದ. ಬಾ ಎಂದೂ ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಯಾವ ಬಣ್ಣದ್ದು ಎಂದು ಅವಳು ಕೇಳಿದಳು. ಹಸಿರು, ನಿನಗೆ ಹಸಿರು ಸೇರುತ್ತದಲ್ಲ ಎಂದ. ತನಗೆ ಹಸಿರು ಸೇರುತ್ತದೆಂದು ಅವಳು ಎಂದೂ ಹೇಳಿರಲಿಲ್ಲ. ಯಾವುದೋ ಒಂದು ರಜೆಯಲ್ಲಿ ಅವಳು ಉಟ್ಟ ಹಸಿರು ಸೀರೆಯನ್ನು ಕಣ್ಣಲ್ಲಿಟ್ಟುಕೊಂಡು ಹೋಗಿ, ಅದನ್ನೇ ನಿಜವೆಂದು ನಂಬಿದ್ದನೇನೋ. ಗುಡಾರದಲ್ಲಿ, ಬ್ಯಾರಕ್ಕಿನಲ್ಲಿ ಬದುಕಿದ ಗಂಡಸು ಕಿಟಕಿಗೆ ಅಳತೆ ಹಿಡಿದು ಪೇಟೆಯಲ್ಲಿ ಬಟ್ಟೆ ಆರಿಸುತ್ತ ನಿಂತದ್ದು ಅವಳಿಗೆ ಕಂಡಿತು. ಬರುತ್ತೇನೆ, ಶುಕ್ರವಾರದ ಹಡಗಿಗೇ ಬರುತ್ತೇನೆ ಎಂದಳು.

ಹಿತ್ತಲ ಬಾಗಿಲಲ್ಲಿ ಅಡಿವೆವ್ವ ನಿಂತಿದ್ದಳು. ಕೇಳಿಸಿಕೊಂಡಿದ್ದಳು.

“ಹೋಗವ್ವಾ,” ಎಂದಳು. “ಕರಿಯಾವ್ರು ಇದ್ದಾಗ ಹೋಗ್ಬೇಕು.”

ಮರುದಿನ ಸುಜಾತಾ ಎದ್ದಾಗ ಒಲೆಯ ಮೇಲೆ ಬೆಲ್ಲದ ಪಾಕ ಕುದಿಯುತ್ತಿತ್ತು. ಶೇಂಗಾ ಹುರಿದಾಗಿತ್ತು, ಎಳ್ಳು ಹುರಿದಾಗಿತ್ತು. ಹೊರಗೆ ಬೇವಿನ ಮರದ ಕೊಂಬೆಗೆ ಫಕ್ಕೀರಪ್ಪ ಜೋಕಾಲಿಯ ಹಗ್ಗ ಬಿಗಿಯುತ್ತಿದ್ದ. ಕೆಳಗೆ ನಿಂತ ಲೋಹಿತ ಅದನ್ನು ಜಗ್ಗಿ ಜಗ್ಗಿ ನೋಡುತ್ತಿದ್ದ. ಪಂಚಮಿಗೆ ಇನ್ನೂ ತಿಂಗಳ ಮೇಲೆ ಇತ್ತು. ಏನಿದೆಲ್ಲ ಎಂದು ಸುಜಾತಾ ಕೇಳಿದ್ದಕ್ಕೆ ಅಪ್ಪ ಅವಳ ಕಡೆ ನೋಡದೆ ಗಂಟು ಬಿಗಿಯುತ್ತಲೇ ಉತ್ತರ ಕೊಟ್ಟ.

“ನಿಮ್ಮ ಚಿಗವ್ವ ಇವತ್ತ ಪಂಚಮಿ ಅಂದಾಳ. ಆಕಿ ಅಂದ ಮ್ಯಾಲೆ ಆತು.”

ಓಣಿಯವರು ಕಂಡು ನಕ್ಕರು, ಹಗ್ಗ ಕಂಡ ಮಕ್ಕಳು ಓಡಿಬಂದರು. ಮೊದಲು ರಾಜಶ್ರೀ ಜೀಕಿದಳು. ಸುಜಾತಾಳನ್ನು ಕರೆದಾಗ ಈ ವಯಸ್ಸಿನಲ್ಲಿ ಏನಿದು ಎಂದು ನಾಚಿ ಹಿಂದೆ ಸರಿದಳು. ಅಡಿವೆವ್ವ ಬಿಡಲಿಲ್ಲ, ಹೊಸ ಜಂಪರಿನ ಖಣ ಅವಳ ಉಡಿಗೆ ಹಾಕಿ, ಬಾಯಿಗೆ ಒಂದು ಎಳ್ಳುಂಡಿ ಇಟ್ಟು, ಕೈಹಿಡಿದು ಕೂಡಿಸಿ, ಹಿಂದಿನಿಂದ ನೂಕಿದಳು. ಜೋಕಾಲಿ ಮೇಲಕ್ಕೆ ಹೋದಾಗ ಹಳಿಗಳಾಚೆಯ ಕರಿ ಹೊಲ, ಅದರಲ್ಲಿ ಆಗತಾನೇ ಎದ್ದ ಗೋವಿನಜೋಳದ ಸಾಲು ಕಂಡವು. ಕೆಳಗೆ ಬಂದಾಗ ಬೆನ್ನಿಗೆ ಚಿಗವ್ವನ ಎರಡೂ ಅಂಗೈ ತಾಗಿದವು. ಮತ್ತೆ ಮೇಲೆ, ಮತ್ತೆ ಕೆಳಗೆ. ಸುಜಾತಾ ಹಗ್ಗ ಬಿಗಿ ಹಿಡಿದು, ಕೂಸಿನ ಹಾಗೆ, ಇನ್ನೂ ನೂಕ್ರಿ ಎಂದಳು.

ಯಲವಿಗಿ ಸ್ಟೇಶನ್ನಿನಲ್ಲಿ ರೈಲು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಟ್ರಂಕುಗಳನ್ನು ಏರಿಸುವ ಗಡಿಬಿಡಿಯಲ್ಲಿಯೇ ಬೀಳ್ಕೊಡುವುದು ಮುಗಿದುಹೋಯಿತು. ಗಾಡಿ ಅಲುಗಾಡಿದಾಗ ಸುಜಾತಾ ಕಿಟಕಿಯ ಸರಳುಗಳ ನಡುವಿನಿಂದ ಕೈ ಚಾಚಿ, ಹೋಗಿಬರ್ತೇನವ್ವಾ ಎಂದಳು. ಚಿಗವ್ವ ಎನ್ನಬೇಕಾದ ಬಾಯಿ ಅವ್ವ ಎಂದದ್ದು ಅವಳಿಗೇ ಆಮೇಲೆ ತಿಳಿಯಿತು. ಅಡಿವೆವ್ವನಿಗೆ ಅದು ಕೇಳಿಸಿತೋ, ಗಾಡಿಯ ಸದ್ದಿನಲ್ಲಿ ಹೋಯಿತೋ, ಗೊತ್ತಾಗಲಿಲ್ಲ.

ಮದ್ರಾಸಿನ ಬಂದರಿನಲ್ಲಿ ಫಕ್ಕೀರಪ್ಪನನ್ನು ಗೇಟಿನಾಚೆ ಬಿಡಲಿಲ್ಲ. ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು, ಟ್ರಂಕುಗಳ ಬೀಗವನ್ನು ಒಂದೊಂದಾಗಿ ಎಳೆದು ನೋಡಿ, ಇನ್ನು ಮಾಡಲು ಏನೂ ಉಳಿದಿಲ್ಲವೆಂದಾಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ. ಮಗಳು ಕಾಲಿಗೆ ಬಿದ್ದಾಗ ಭುಜ ಹಿಡಿದು ಎಬ್ಬಿಸಿದ. ಹಡಗಿನಲ್ಲಿ ಮೊದಲೆರಡು ದಿನ ಸುಜಾತಾ ತಲೆ ಎತ್ತಲಿಲ್ಲ. ಮೂರನೆಯ ದಿನ ರಾಜಶ್ರೀ ಎಳೆದುಕೊಂಡು ಹೋಗಿ ಹಡಗಿನಂಚಿನ ಕಟಾಂಜನದ ಹತ್ತಿರ ನಿಲ್ಲಿಸಿದಳು. ಸುತ್ತ ನಾಲ್ಕೂ ಕಡೆ ನೀರು. ಯಾವ ಕಡೆ ಊರೆಂದು ಹುಡುಗಿ ಕೇಳಿದಾಗ ಸುಜಾತಾಳಿಗೆ ತೋರಿಸಲು ಬರಲಿಲ್ಲ.

ಪೋರ್ಟ್ ಬ್ಲೇರಿನಲ್ಲಿ ಹಡಗು ನಿಂತ ಧಕ್ಕೆಯ ಮೇಲೆ ರವಿಕುಮಾರ ಇಸ್ತ್ರಿ ಮಾಡಿದ ಅಂಗಿ ಹಾಕಿ ಕಾಯುತ್ತಿದ್ದ. ಫೋನಿನಲ್ಲಿ ಕಾಣುತ್ತಿದ್ದುದಕ್ಕಿಂತ ತೆಳ್ಳಗಿದ್ದ. ಕಿವಿಯ ಮೇಲೆ ಕೂದಲು ನರೆತಿತ್ತು. ಮನೆ ಅವನು ಹೇಳಿದ ಹಾಗೆಯೇ ಇತ್ತು. ಪರದೆಗಳು ಮಾತ್ರ ಕಿಟಕಿಗೆ ಒಂದು ಗೇಣು ಕಡಿಮೆ ಬಿದ್ದಿದ್ದವು. ಅದನ್ನು ಅವಳು ನೋಡಿದ್ದನ್ನು ಅವನು ನೋಡಿದ; ಇಬ್ಬರೂ ನಕ್ಕರು. ಆ ನಗೆಯೊಂದು ಬಿಟ್ಟರೆ ಮೊದಲ ತಿಂಗಳು ಸುಲಭವಾಗಿರಲಿಲ್ಲ. ಅವನು ನಸುಕಿನಲ್ಲೆದ್ದು ತನ್ನ ಚಹಾ ತಾನೇ ಮಾಡಿಕೊಳ್ಳುವನು. ಉಂಡ ತಾಟು ತಾನೇ ತೊಳೆಯುವನು. ಬಿಡ್ರಿ ಎಂದರೆ ರೂಢಿ ಎನ್ನುವನು. ಅವಳೂ ಒಬ್ಬಳೇ ನಿರ್ಧಾರ ಮಾಡುವುದನ್ನು ಕಲಿತವಳು. ಅವನನ್ನು ಕೇಳಬೇಕೆಂಬುದೇ ನೆನಪಾಗುತ್ತಿರಲಿಲ್ಲ. ಹಂಬಲಿಸಿದಷ್ಟು ಸಲೀಸಾಗಿ ಕೂಡಿ ಇರಲು ಬರುವುದಿಲ್ಲವೆಂದು ಇಬ್ಬರಿಗೂ ತಿಳಿಯಿತು. ಆದರೂ ಒಂದು ಬೆಳಿಗ್ಗೆ ಅವನು ಚಹಾಕ್ಕೆ ಎರಡು ಕಪ್ಪು ತೆಗೆದಿಟ್ಟಿದ್ದ. ರಾಜಶ್ರೀ ಬಾಗಿಲ ಹಿಂದೆ ನಿಂತಿದ್ದು ಎರಡೇ ದಿನ. ಮೂರನೆಯ ದಿನ ಸೈಕಲ್ಲಿನ ಹಿಂದೆ ಅಪ್ಪನನ್ನು ಓಡಿಸುತ್ತಿದ್ದಳು.

ಮಧ್ಯಾಹ್ನ ಮಗಳು ಶಾಲೆಗೆ, ಗಂಡ ಡ್ಯೂಟಿಗೆ ಹೋದ ಮೇಲೆ ಅಡಿವೆವ್ವನ ಫೋನು ಬರುತ್ತದೆ. ಮೊದಲು ಲೋಹಿತ ಹಚ್ಚಿಕೊಡುತ್ತಿದ್ದ, ಈಗ ಅವಳೇ ಹಚ್ಚುತ್ತಾಳೆ. ಏನು ಅಡುಗೆ ಮಾಡಿದಿ ಎಂಬುದೇ ಮೊದಲ ಪ್ರಶ್ನೆ. ಸುಜಾತಾ ಅನ್ನ ಸಾರು ಎನ್ನುತ್ತಾಳೆ. ಆಮೇಲೆ ಅಲ್ಲಿಯ ಸುದ್ದಿ ಒಂದೊಂದೇ ಬರುತ್ತದೆ. ಮಳೆ ಹಿಡಿದಿದೆ, ಗೋವಿನಜೋಳ ಮೊಳಕಾಲ ಮಟ ಬಂದಿದೆ, ಲೋಹಿತನಿಗೆ ಶಿಗ್ಗಾಂವಿಯಲ್ಲೊಂದು ಹುಡುಗಿ ನೋಡಿದ್ದಾರೆ, ನಿಮ್ಮಪ್ಪ ದಿನಾ ಸಂಜೆ ಹಳಿಯ ಕಡೆ ಒಬ್ಬನೇ ಹೋಗಿಬರುತ್ತಾನೆ. ಸುಜಾತಾ ಒಲೆ ಆರಿಸಿ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತು ಕೇಳುತ್ತಾಳೆ. ಹೇಳುವುದೆಲ್ಲ ಮುಗಿಯುತ್ತದೆ. ಫೋನು ಇಡ್ಲೇನವ್ವಾ ಎಂದು ಅಡಿವೆವ್ವ ಕೇಳುತ್ತಾಳೆ. ಹೂಂ ಎನ್ನುತ್ತಾಳೆ ಸುಜಾತಾ. ಇಬ್ಬರೂ ಇಡುವುದಿಲ್ಲ.